ಮಗುವಿನ ಪಾದ ಚಪ್ಪಟೆ ಕಂಡರೆ ಏನು ನೋಡಬೇಕು?

ಸ್ನಾನ ಮುಗಿಸಿದ ಮೂರು ವರ್ಷದ ಮಗು ಒದ್ದೆ ಕಾಲಲ್ಲೇ ಕೆಂಪು ನೆಲದ ಮೇಲೆ ಓಡುತ್ತದೆ. ಆ ಹೆಜ್ಜೆ ಗುರುತನ್ನು ಬಗ್ಗಿ ನೋಡಿ. ನಮ್ಮ ಗುರುತಿನಲ್ಲಿ ಒಳಗಡೆ ಒಂದು ಖಾಲಿ ಬಾಗು ಇರುತ್ತದೆ, ಅದು ನೆಲ ಮುಟ್ಟದ ಪಾದದ ಕಮಾನಿನ ಜಾಗ. ಮಗುವಿನದು ಇಡೀ ಅಂಗಾಲು ಒತ್ತಿದ ಹಾಗೆ ತುಂಬಿಕೊಂಡಿರುತ್ತದೆ. ಅಪ್ಪ ಅಮ್ಮ ಗಾಬರಿಯಾಗುವುದು ಇಲ್ಲೇ.

ಈ ವಯಸ್ಸಿಗೆ ಅದು ಸಹಜ. ಅಂಗಾಲಿನ ಒಳಬದಿಯಲ್ಲಿ ಕೊಬ್ಬಿನ ಮೆತ್ತೆ ಇರುತ್ತದೆ, ಅದು ಕಮಾನನ್ನು ಮುಚ್ಚಿಬಿಡುತ್ತದೆ. ಮೂಳೆಗಳನ್ನು ಹಿಡಿದಿಡುವ ಕಟ್ಟುಗಳೂ ಸಡಿಲ, ಭಾರ ಬಿದ್ದ ಕೂಡಲೇ ಪಾದ ಹರಡಿಕೊಳ್ಳುತ್ತದೆ. ಪಾದದ 26 ಮೂಳೆಗಳಲ್ಲಿ ಕಮಾನಿನ ನೆತ್ತಿಯಲ್ಲಿ ಕೂರುವುದು ನ್ಯಾವಿಕ್ಯುಲರ್. ಅದು ಗಟ್ಟಿಯಾಗಲು ಶುರುವಾಗುವುದೇ ಸುಮಾರು 3 ವರ್ಷಕ್ಕೆ. ಕಮಾನು ಪೂರ್ತಿ ಮೂಡಲು ಎಂಟು ಹತ್ತು ವರ್ಷ ಹಿಡಿಯಬಹುದು.

ಹಾಗಾಗಿ ಪಾದ ಮಣಿಯುತ್ತದೆಯಾ ಅಂತ ನೋಡಬೇಕು. "ಪುಟ್ಟಾ, ಗೋಡೆ ಹಿಡ್ಕೊಂಡು ತುದಿಗಾಲಲ್ಲಿ ನಿಲ್ಲು" ಅನ್ನಿ. ನೀವು ಹಿಂದೆ ಕೂತು ನೋಡಿ. ಹಿಮ್ಮಡಿ ಒಳಕ್ಕೆ ತಿರುಗಿ, ಇಲ್ಲದ ಕಮಾನು ಎದ್ದು ಬಂದರೆ ಪಾದ ಮೃದುವಾಗಿದೆ ಅಂತ ಅರ್ಥ. ಮಗು ನಿಂತಿರುವಾಗ ಹೆಬ್ಬೆರಳನ್ನು ಮೇಲೆತ್ತಿದರೂ ಹಾಗೇ ಆಗುತ್ತದೆ. ಅಂಗಾಲಿನ ದಪ್ಪ ಪಟ್ಟಿ ಬಿಲ್ಲಿನ ಹೆದೆಯಂತೆ ಬಿಗಿಯಾಗಿ ಕಮಾನನ್ನು ಎತ್ತುತ್ತದೆ. ಎರಡಕ್ಕೂ ಕಮಾನು ಏಳದಿದ್ದರೆ ಮೂಳೆ ವೈದ್ಯರಿಗೆ ತೋರಿಸಲೇಬೇಕು. ಎರಡು ಮೂಳೆ ಒಂದಕ್ಕೊಂದು ಬೆಸೆದಿರುವ ಸಾಧ್ಯತೆ ಇರುತ್ತದೆ.

ನಮ್ಮವರದೇ ಒಂದು ಅಧ್ಯಯನ ಇಲ್ಲಿ ತುಂಬಾ ಮುಖ್ಯ. ಮಣಿಪಾಲದ ರಾವ್ ಮತ್ತು ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆ ಗುರುತು ತೆಗೆದರು. ಫಲಿತಾಂಶ 1992ರಲ್ಲಿ ಪ್ರಕಟವಾಯಿತು. ಪಾದರಕ್ಷೆ ಹಾಕುವವರಲ್ಲಿ ಶೇ 8.6 ಮಕ್ಕಳಿಗೆ ಚಪ್ಪಟೆ ಪಾದ, ಹಾಕದವರಲ್ಲಿ ಶೇ 2.8. ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲಿ ಜಾಸ್ತಿ, ಚಪ್ಪಲಿ ಸ್ಯಾಂಡಲ್‌ನವರಲ್ಲಿ ಅದಕ್ಕಿಂತ ಕಡಿಮೆ. ಹೆಜ್ಜೆ ಗುರುತು ಒಂದೇ ಸಲ ತೆಗೆದಿದ್ದು, ಶೂನಿಂದಲೇ ಹೀಗಾಯಿತು ಅಂತ ಅದು ಪೂರ್ತಿ ಸಾಬೀತು ಮಾಡುವುದಿಲ್ಲ. ಆದರೂ ಮನೆಯೊಳಗೆ ಮಗು ಬರಿಗಾಲಲ್ಲಿ ಓಡಾಡಲಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಹೊರಗೆ ಮಾತ್ರ ಚಪ್ಪಲಿ ಬೇಕೇ ಬೇಕು. ಮುಳ್ಳು, ಗಾಜಿನ ಚೂರು ಬಿಡಿ, ಕೊಕ್ಕೆಹುಳು ಚರ್ಮದ ಮೂಲಕವೇ ಒಳಗೆ ಹೋಗುತ್ತದೆ.

ಕಮಾನು ಬರಿಸುತ್ತೇವೆ ಅಂತ ಮಾರುವ ಶೂ, ಇನ್ಸೋಲ್? ಅಮೆರಿಕದಲ್ಲಿ 1989ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೃದು ಚಪ್ಪಟೆ ಪಾದದ ಮಕ್ಕಳನ್ನು ಮೂರು ವರ್ಷ ಗಮನಿಸಿದರು. ವಿಶೇಷ ಶೂ ಹಾಕಿದವರಿಗೂ ಏನೂ ಮಾಡದವರಿಗೂ ಕಮಾನು ಒಂದೇ ರೀತಿ ಸುಧಾರಿಸಿತ್ತು. ನೋವಿಲ್ಲದ ಮಗುವಿಗೆ ಸುಮ್ನೆ ಯಾಕೆ ದುಡ್ಡು ಸುರಿಯಬೇಕು?

ಮಾಮೂಲಿ ಶೂ ಅಳತೆಗೆ ಮಾತ್ರ ಗಮನ ಕೊಡಿ. "ಬೆಳೀತಾನಲ್ವಾ" ಅಂತ ಎರಡು ಸೈಜ್ ದೊಡ್ಡದು ತಂದರೆ ಬೆರಳುಗಳು ಶೂ ಜಾರದಂತೆ ಹಿಡಿಯಲು ಒದ್ದಾಡುತ್ತವೆ. ಮಗುವನ್ನು ಹಾಳೆಯ ಮೇಲೆ ನಿಲ್ಲಿಸಿ ಎರಡೂ ಪಾದದ ಸುತ್ತ ಗೆರೆ ಎಳೆದು ಕತ್ತರಿಸಿ, ಶೂ ಒಳಗಿಟ್ಟು ನೋಡಿ. ಕಾಗದ ಮಡಚಬಾರದು, ಉದ್ದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಇರಬೇಕು. ಚಿಕ್ಕ ಮಕ್ಕಳಿಗೆ ಎರಡು ಮೂರು ತಿಂಗಳಿಗೊಮ್ಮೆ ಹೀಗೆ ಮಾಡಿ.

ತಡಮಾಡದೆ ತೋರಿಸಬೇಕಾದದ್ದು: ಪಾದದ ನೋವು, ಕುಂಟು, ಒಂದೇ ಕಾಲು ಚಪ್ಪಟೆ, 3 ವರ್ಷ ದಾಟಿದ ಮೇಲೂ ಬರೀ ತುದಿಗಾಲ ನಡಿಗೆ. ಎಂಟು ಹತ್ತು ವರ್ಷದ ಮಗು ಆಡಿ ಬಂದು ಹಿಮ್ಮಡಿ ನೋವು ಅಂದರೆ ಹಿಮ್ಮಡಿಯನ್ನು ಎರಡೂ ಬದಿಯಿಂದ ಮೆಲ್ಲಗೆ ಒತ್ತಿ. ನೋವಾದರೆ ಬೆಳವಣಿಗೆಯ ತಟ್ಟೆ, ಅಂದರೆ ಮೂಳೆ ಬೆಳೆಯುವ ಮೆದು ಭಾಗ, ಕೆರಳಿರಬಹುದು, ಆಟಕ್ಕೆ ಸ್ವಲ್ಪ ವಿರಾಮ ಕೊಟ್ಟರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿಕೊಂಡಿದ್ದರೆ ಕಾಯುವ ಮಾತೇ ಇಲ್ಲ. ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತಾ ನೇರ ಮಾಡುತ್ತಾರೆ. ಆಮೇಲೆ ಪಾದ ಮತ್ತೆ ತಿರುಗದಂತೆ ಹಿಡಿದಿಡುವ ಬ್ರೇಸ್ ಅನ್ನು ಮೊದಲ ಮೂರು ತಿಂಗಳು ಹೆಚ್ಚುಕಡಿಮೆ ಇಡೀ ದಿನ, ನಂತರ ಮಗುವಿಗೆ ಸುಮಾರು 4 ವರ್ಷ ಆಗುವವರೆಗೆ ರಾತ್ರಿ ಹಾಕಬೇಕು. ಪಾದ ನೆಟ್ಟಗಾಯಿತಲ್ಲ ಅಂತ ಮನೆಯವರು ಅದನ್ನು ಬಿಡಿಸಿದಾಗಲೇ ಹೆಚ್ಚಾಗಿ ಅದು ಮತ್ತೆ ತಿರುಚುತ್ತದೆ.