ಮಾವನ ಬೋರಿಗೆ ಉಪ್ಪು ಬಂದಿದ್ದು ಎಲ್ಲಿಂದ?

ಕುಮಟಾ ಹತ್ತಿರ, ಹೊಳೆಯ ಹಿನ್ನೀರಿನ ಬದಿಗೆ ನಮ್ಮ ಅಜ್ಜಿಮನೆ. ಅಂಗಳದಲ್ಲಿ ಚಿರೆಕಲ್ಲು ಕಟ್ಟಿದ ಹಳೇ ಬಾವಿ, ಹಿತ್ತಲಲ್ಲಿ ಮಾವ ಹೊಡೆಸಿದ ಬೋರು. ಎರಡರ ನಡುವೆ ಮೂವತ್ತು ಹೆಜ್ಜೆ ಇರಬಹುದು. ಬಾವಿ ನೀರು ಸಿಹಿ, ಆದರೆ ಏಪ್ರಿಲ್ ಕೊನೆಗೆ ಕೊಡಪಾನ ಮುಳುಗುವಷ್ಟೂ ಇರುವುದಿಲ್ಲ. ಬೋರಿನಲ್ಲಿ ನೀರಿಗೆ ಬರವಿಲ್ಲ. ಮೊದಲ ಎರಡು ಬೇಸಿಗೆ ಎಲ್ಲ ಚೆನ್ನಾಗಿಯೇ ಇತ್ತು. ಮೂರನೆಯ ಮೇ ತಿಂಗಳಲ್ಲಿ ಅತ್ತೆ ಚಹಾ ತಂದುಕೊಟ್ಟರು, ಎಲ್ಲರೂ ಒಂದೊಂದು ಗುಟುಕು ಕುಡಿದು ಮುಖ ಮುಖ ನೋಡಿಕೊಂಡೆವು. ಸಕ್ಕರೆಯ ಹಿಂದೆಯೇ ಉಪ್ಪು.

ಕಾರವಾರದಿಂದ ಭಟ್ಕಳದವರೆಗಿನ ಈ ಪಟ್ಟಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಇಷ್ಟು ಮಳೆಯ ಊರಲ್ಲಿ ಬೇಸಿಗೆಗೆ ಟ್ಯಾಂಕರ್ ಬರುತ್ತದೆ ಅಂದರೆ ಘಟ್ಟದ ಮೇಲಿನವರು ನಗುತ್ತಾರೆ. ಕಾಡು ಹೋಯಿತು, ಮಳೆಯ ಲಯ ತಪ್ಪಿತು ಅನ್ನುವವರಿದ್ದಾರೆ. ಇರಬಹುದು. ಆದರೆ ನಾವು ಸುಮ್ನೆ ಆಕಾಶ ನೋಡುತ್ತ ಕೂತು, ಕಾಲ ಕೆಳಗಿನ ಒಂದು ಮಣ್ಣನ್ನು ಮರೆತಿದ್ದೇವೆ ಅನ್ನುವುದು ನನ್ನ ತಕರಾರು. ಅದರ ಹೆಸರು ಶೇಡಿ.

ದೀಪಾವಳಿಗೆ ಶಿರಸಿ ಕಡೆ ಗೋಡೆಗೆ ಕೆಮ್ಮಣ್ಣು ಬಳಿದು ಮೇಲೆ ಬಿಳಿ ಗೆರೆ ಎಳೆಯುತ್ತಾರಲ್ಲ, ಅದೇ ಶೇಡಿ. ಬೆರಳಲ್ಲಿ ಉಜ್ಜಿದರೆ ಹಿಟ್ಟಿನ ಹಾಗೆ ನುಣ್ಣಗೆ. ಗುಡ್ಡ ಬಗೆದ ಕಡೆ ಒಮ್ಮೆ ನಿಂತು ನೋಡಿ: ಮೇಲೆ ತೂತು ತೂತಾದ ಕೆಂಪು ಚಿರೆಕಲ್ಲು, ಅದರ ಕೆಳಗೆ ಬಿಳಿ, ಗುಲಾಬಿ, ಹಳದಿ ಬೆರೆತ ಶೇಡಿ, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಬೇರೆ ಬೇರೆ ಅನ್ನಿಸುತ್ತದೆ, ಆದರೆ ಹೆಚ್ಚಿನ ಕಡೆ ಮೂರರ ಮೂಲವೂ ಒಂದೇ. ಲಕ್ಷಾಂತರ ವರ್ಷ ಮಳೆ, ಬಿಸಿಲಿಗೆ ಬಂಡೆ ಕೊಳೆತು ಶೇಡಿಯಾಗಿದೆ. ಮೇಲ್ಭಾಗದಲ್ಲಿ ಬೇರೆಲ್ಲ ತೊಳೆದುಹೋಗಿ ಕಬ್ಬಿಣ, ಅಲ್ಯುಮಿನಿಯಂ ಉಳಿದಿದ್ದೇ ಚಿರೆಕಲ್ಲು. ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ, 1801ರಲ್ಲಿ ನಮ್ಮ ಕೆನರಾ ಸೀಮೆಯಲ್ಲೂ ತಿರುಗಿದ್ದಾನೆ. ಕೇರಳದ ಅಂಗಾಡಿಪುರದಲ್ಲಿ ಕಂಡ ಕಲ್ಲಿಗೆ 1807ರ ಪುಸ್ತಕದಲ್ಲಿ ಈ ಹೆಸರು ಕೊಟ್ಟ. ಹಸಿಯಿದ್ದಾಗ ಕೊಡಲಿಯಲ್ಲಿ ಕಡಿಯಬಹುದು, ಗಾಳಿಗೆ ಬಿದ್ದ ಮೇಲೆ ಗಟ್ಟಿ, ಹಾಗಾಗಿ ಲ್ಯಾಟಿನ್ ಭಾಷೆಯ ‘ಇಟ್ಟಿಗೆ’ಯಿಂದ ಬಂದ ಹೆಸರು. ಕನ್ನಡದಲ್ಲಿ ಜಂಬಿಟ್ಟಿಗೆ ಅನ್ನುವುದರೊಳಗೂ ಇಟ್ಟಿಗೆ ಇದೆ, ಅಂದರೆ ಪುಣ್ಯಾತ್ಮ ಹೊಸದೇನೂ ಹೇಳಲಿಲ್ಲ.

ಈಗ ನೀರಿನ ಕಥೆ. ಚಿರೆಕಲ್ಲಿಗೆ ನೀರು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ, ಬಂದಷ್ಟನ್ನೂ ಕೆಳಗೆ ಬಿಡುತ್ತದೆ. ಶೇಡಿ ತದ್ವಿರುದ್ಧ. ಹೊಟ್ಟೆ ತುಂಬ ಕುಡಿಯುತ್ತದೆ, ಆದರೆ ಬಿಟ್ಟುಕೊಡುವುದು ಬಲು ನಿಧಾನ. ಹಾಗಾಗಿ ಜೂನ್, ಜುಲೈ ಮಳೆ ಚಿರೆಕಲ್ಲಿನೊಳಗೆ ಸರಸರ ಇಳಿದು ಶೇಡಿಯ ನೆತ್ತಿಯ ಮೇಲೆ ನಿಲ್ಲುತ್ತದೆ, ಇಳಿಜಾರು ಹಿಡಿದು ಸರಿದು ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಗೋಕರ್ಣದ ರಾಮತೀರ್ಥ ನೋಡಿದ್ದೀರಲ್ವಾ? ಕೆಳಗೆ ಸಮುದ್ರದ ಅಲೆ, ಮೇಲೆ ಗುಡ್ಡದಿಂದ ಬರುವ ಸಿಹಿನೀರು. ಸಮುದ್ರದ ಬುಡದಲ್ಲಿ ಸಿಹಿನೀರು ಹೇಗೆ ಅಂತ ಬೆರಗಾಗುವವರಿದ್ದಾರೆ. ಆ ನೀರಿಗೂ ಸಮುದ್ರಕ್ಕೂ ಸಂಬಂಧವೇ ಇಲ್ಲ, ಅದು ಬೆನ್ನಹಿಂದಿನ ಗುಡ್ಡದ ಮಳೆ. ನಮ್ಮ ಬಾವಿಯೂ ಇದೇ ಮೇಲುನೀರನ್ನು ನಂಬಿದ್ದು. ಮಳೆಗಾಲದಲ್ಲಿ ಕೈಗೆ ಎಟಕುವಷ್ಟು ತುಂಬಿ, ಬೇಸಿಗೆಗೆ ತಳ ಕಾಣುವುದು ಅದಕ್ಕೇ.

ಇದೇ ಶೇಡಿ ಕೊಲ್ಲುತ್ತದೆ ಕೂಡ. ನೀರು ಕುಡಿದು ಭಾರವಾದ ಮಣ್ಣಿನ ಬುಡ ಕಡಿದರೆ ಅದು ಜಾರದೆ ಇನ್ನೇನು ಮಾಡಬೇಕು? 2009ರ ಅಕ್ಟೋಬರ್‌ನಲ್ಲಿ ಕಾರವಾರ ಹತ್ತಿರದ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತರು. ಹೆಸರಲ್ಲೇ ಝರಿ ಇರುವ ಜಾಗ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಂದು ಗಂಗಾವಳಿಗೆ ಇಳಿಯಿತು. ಸುರಿವ ಮಳೆ ಒಂದು ಕಡೆ, ರಸ್ತೆಗಾಗಿ ಕಡಿದ ಇಳಿಜಾರು ಇನ್ನೊಂದು ಕಡೆ. ಅಂತರ್ಜಲ ಬೇರೆ ವಿಷಯ, ಭೂಕುಸಿತ ಬೇರೆ ವಿಷಯ ಅಂತ ಎರಡು ಫೈಲು ಮಾಡಿಟ್ಟಿದ್ದೇವೆ. ನೆಲಕ್ಕೆ ಅದು ಗೊತ್ತಿಲ್ಲ.

ಇನ್ನು ಉಪ್ಪು. ಸಿಹಿನೀರು ಹಗುರ, ಸಮುದ್ರದ ನೀರು ಭಾರ, ಹಾಗಾಗಿ ದಂಡೆಯ ನೆಲದೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. 1880ರ ದಶಕದ ಕೊನೆಗೆ ಹಾಲೆಂಡಿನ ಗೈಬೆನ್, 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್ ಬೇರೆ ಬೇರೆಯಾಗಿ ಒಂದೇ ಲೆಕ್ಕಕ್ಕೆ ಬಂದರು: ಸಮುದ್ರಮಟ್ಟದಿಂದ ಮೇಲೆ 1 ಮೀಟರ್ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು. ಕೇಳಲು ಖುಷಿ. ತಿರುಗಿಸಿ ಓದಿದರೆ ಹೆದರಿಕೆ. ಪಂಪು ಹಾಕಿ ಮೇಲಿನ ಮಟ್ಟವನ್ನು 1 ಮೀಟರ್ ಇಳಿಸಿದರೆ, ಕಾಲಕ್ರಮದಲ್ಲಿ ಕೆಳಗಿನ ಉಪ್ಪು 40 ಮೀಟರ್ ಏರಬಹುದು. ಮರಳು ದಿಬ್ಬದಲ್ಲಿ ಈ ಲೆಕ್ಕ ಚೆನ್ನಾಗಿ ಕೂರುತ್ತದೆ. ಬಂಡೆಯಲ್ಲಿ ನೀರು ಬಿರುಕು ಹಿಡಿದು ಓಡುವುದರಿಂದ ಅಷ್ಟು ನೇರವಾಗಿ ಕೂರುವುದಿಲ್ಲ, ಬಿರುಕು ಯಾವ ಕಡೆ ತೆರೆದಿದೆಯೋ ಅದರ ಅದೃಷ್ಟ.

ಅಘನಾಶಿನಿ ಹೊಳೆಯ ದಂಡೆಯ ಗಜನಿ, ಅಂದರೆ ಉಬ್ಬರಕ್ಕೆ ಉಪ್ಪುನೀರು ಏರಿಬರುವ ತಗ್ಗು ಗದ್ದೆಗಳ ರೈತರು ಈ ಸೂತ್ರ ಓದಿದವರಲ್ಲ. ಮಣ್ಣಿನ ಒಡ್ಡು, ಹಲಗೆಯ ಬಾಗಿಲು, ಉಪ್ಪು ತಡೆಯುವ ಕಗ್ಗ ಭತ್ತ. ಮಳೆಯಲ್ಲಿ ಗದ್ದೆಯ ಉಪ್ಪು ತೊಳೆದುಹೋಗಲು ಬಿಟ್ಟು ಕಗ್ಗ ಬೆಳೆದರು, ಕೊಯ್ಲಾದ ಮೇಲೆ ಹೊಳೆನೀರು ಬಿಟ್ಟುಕೊಂಡು ಮೀನು, ಸಿಗಡಿ ಹಿಡಿದರು. ಅಲ್ಲೇ ಆಚೆ ಸಾಣಿಕಟ್ಟಾದ ಆಗರಗಳಲ್ಲಿ ಉಪ್ಪು ಬೆಳೆಯುವುದೂ ತಳದ ಜೇಡಿಮಣ್ಣು ನೀರು ಸೋರಗೊಡದ ಕಾರಣಕ್ಕೇ. ಆಮೇಲೆ ಸಿಗಡಿಗೆ ರೇಟು ಬಂತು. ಕೆಲವು ಗಜನಿಗಳಲ್ಲಿ ಉಪ್ಪುನೀರು ವರ್ಷವಿಡೀ ನಿಂತಿತು, ಪಕ್ಕದ ಬಾವಿಗಳವರ ಜಗಳ ಶುರುವಾಯಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೇಶದ ಕರಾವಳಿಯ ಸಿಗಡಿ ಕೃಷಿಗೆ ಕಡಿವಾಣ ಹಾಕಿದಾಗ ಮುಂದಿದ್ದ ದೂರುಗಳಲ್ಲಿ ಬಾವಿನೀರು ಉಪ್ಪಾಗುವುದೂ ಒಂದು.

ಬೋರು ಬಂದಿದ್ದು ಇದೆಲ್ಲದರ ಮೇಲೆ. 1970ರಲ್ಲಿ ಕೇಂದ್ರ ಅಂತರ್ಜಲ ಮಂಡಳಿ ಆಯಿತಲ್ಲ, ಅದರ ಹಳೇ ಹೆಸರು ಎಕ್ಸ್‌ಪ್ಲೊರೇಟರಿ ಟ್ಯೂಬ್‌ವೆಲ್ಸ್ ಆರ್ಗನೈಸೇಶನ್. ಕೊಳವೆ ಇಳಿಸಿ ನೀರು ಹುಡುಕುವುದೇ ಆಗಿನ ಕೆಲಸ, ನೀರು ಎಂಥದ್ದು ಅನ್ನುವುದು ಆಮೇಲಿನ ಮಾತು. ಮನೆಮಟ್ಟದಲ್ಲಿ ನಾವು ಇನ್ನೂ ಅಲ್ಲೇ ಇದ್ದೇವೆ. ರಿಗ್ ಬಂದಾಗ ಎಲ್ಲರೂ ಕೇಳುವುದು ಎಷ್ಟು ಇಂಚು ನೀರು ಅಂತ.

ಕುಡಿಯುವ ನೀರಿನಲ್ಲಿ ಕ್ಲೋರೈಡ್, ಅಂದರೆ ಉಪ್ಪಿನ ಮುಖ್ಯ ಅಂಶ, ಲೀಟರಿಗೆ 250 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1000ದವರೆಗೆ ಸರಿ ಅನ್ನುತ್ತದೆ ಭಾರತೀಯ ಮಾನಕ. ಸಮುದ್ರದ ನೀರಿನಲ್ಲಿ ಅದು ಸುಮಾರು 19,000. ಲೆಕ್ಕ ಹಾಕಿ: ನೂರು ಕೊಡ ಸಿಹಿನೀರಿಗೆ ಎರಡು ಕೊಡ ಸಮುದ್ರ ಬೆರೆತರೆ ಮೊದಲ ಗೆರೆ ದಾಟಿತು, ಆರು ಕೊಡ ಬೆರೆತರೆ ಎರಡನೆಯದೂ ಹೋಯಿತು.

ಅಜ್ಜನ ಕಾಲದಲ್ಲಿ ಬಾವಿ ತೋಡುವವರು ಶೇಡಿ ಸಿಕ್ಕಿದ ತಕ್ಷಣ ಗುದ್ದಲಿ ನಿಲ್ಲಿಸಿದ್ದರಂತೆ, ಇದರ ಕೆಳಗೆ ತೋಡಿದರೆ ಗೋಡೆ ಕುಸಿಯುತ್ತದೆ ಅಂತ. ಮಾವನ ಬೋರಿಗೆ ಆ ಶೇಡಿಯುದ್ದಕ್ಕೂ ಕೇಸಿಂಗ್ ಪೈಪು ಇಳಿಸಿ, ಕೆಳಗಿನ ಬಂಡೆಯ ಬಿರುಕಿಗೆ ಹೋಗಿ, ಎರಡು ವರ್ಷ ಬೆಳಿಗ್ಗೆ ಸಂಜೆ ತೋಟಕ್ಕೂ ಮನೆಗೂ ಎತ್ತಿದರು. ಮೇಲಿನ ಮಳೆನೀರು ಶೇಡಿ ದಾಟಿ ಅಷ್ಟು ಬೇಗ ಕೆಳಗೆ ಹೋಗಲಿಲ್ಲ. ಉಬ್ಬರಕ್ಕೆ ಸಮುದ್ರದ ನೀರು ಏರಿಬರುವ ಹೊಳೆಯ ಕಡೆಯಿಂದ ಉಪ್ಪು ಬಂತು. ಈಗ ಆ ನೀರನ್ನು ತೋಟಕ್ಕೆ ಬಿಡುವುದಿಲ್ಲ, ಅಡಿಕೆ ಸಸಿಯ ಎಲೆ ತುದಿ ಸುಡುತ್ತದೆ. ಅಂಗಳ ತೊಳೆಯಲು ಮಾತ್ರ. ಒಂದು ಬೇಸಿಗೆ ಸ್ಕೂಟರ್ ತೊಳೆದು ನೋಡಿದರು, ಮಡ್‌ಗಾರ್ಡ್ ತುಕ್ಕು ಹಿಡಿದ ಮೇಲೆ ಅದನ್ನೂ ಬಿಟ್ಟರು.