ಚೀಲದ ಮೇಲಿನ ತಾರೀಖು ಬಿಡಿ, ಮೊಟ್ಟೆಯ ಕಣ್ಣು ನೋಡಿ

ಪ್ರಶ್ನೆ: ನೋಥೋಬ್ರಾಂಕಿಯಸ್ ಗುಂಥೆರಿ ಕಿಲ್ಲಿ ಮೀನಿನ ಮೊಟ್ಟೆಗಳನ್ನು ಕೊರಿಯರ್‌ನಲ್ಲಿ ತರಿಸಿದ್ದೆ. ಚೀಲದ ಮೇಲೆ ಬರೆದಿದ್ದ ದಿನವೇ ನೀರಿಗೆ ಹಾಕಿದೆ. ಹತ್ತೋ ಹನ್ನೆರಡೋ ಮರಿ ಬಂದವು. ಮುಕ್ಕಾಲು ಪಾಲು ತಳದಲ್ಲೇ ತೆವಳುತ್ತಾ ಸತ್ತವು. ಎಲ್ಲಿ ತಪ್ಪಿದೆ?

ಬೇಜಾರು ಮಾಡ್ಕೋಬೇಡಿ, ಈ ಮೀನು ಸಾಕುವವರಲ್ಲಿ ಹೆಚ್ಚಿನವರಿಗೆ ಮೊದಲ ಸಲ ಹೀಗೇ ಆಗುತ್ತದೆ. ನನಗೂ ಆಗಿತ್ತು. ಬಹುಶಃ ನೀವು ಮಾಡಿದ ತಪ್ಪು ಒಂದೇ, ಆ ತಾರೀಖನ್ನು ನಂಬಿದ್ದು. ಅದು ಕಳಿಸಿದವರ ಮನೆಯ ಬಿಸಿಲು, ಸೆಕೆ ಲೆಕ್ಕ ಹಾಕಿ ಬರೆದ ಅಂದಾಜು. ಗುಂಥೆರಿ ಮೊಟ್ಟೆಗೆ 24-25 ಡಿಗ್ರಿಯಲ್ಲಿ ಸುಮಾರು 3 ತಿಂಗಳು ಬೇಕು ಅನ್ನುತ್ತಾರೆ. ಬೆಂಗಳೂರಿನ ಕೋಣೆಯಲ್ಲಿ ಇದು ಹೆಚ್ಚುಕಡಿಮೆ ಸರಿ. ಅದೇ ಚೀಲ ರಾಯಚೂರಿನ ಏಪ್ರಿಲ್‌ನಲ್ಲಿ ಕೂತಿದ್ದರೆ ಲೆಕ್ಕವೇ ಬೇರೆ.

ಮೊಟ್ಟೆ ಹೀಗೆ ಯಾಕೆ ಕಾಯುತ್ತದೆ ಅನ್ನುವುದು ಗೊತ್ತಾದರೆ ಉಳಿದದ್ದು ಸುಲಭ. ನೋಥೋಬ್ರಾಂಕಿಯಸ್ ಮೀನುಗಳು ಹೆಚ್ಚಾಗಿ ಪೂರ್ವ ಆಫ್ರಿಕಾದವು. ತಾಂಜಾನಿಯಾ, ಮೊಜಾಂಬಿಕ್ ಕಡೆ ಮಳೆಗಾಲದಲ್ಲಿ ತುಂಬಿ, ಬೇಸಗೆಗೆ ಬಿರುಕು ಬಿಡುವ ಹೊಂಡಗಳಲ್ಲಿ ಇವುಗಳ ಸಂಸಾರ. ನೀರು ಇರುವಷ್ಟರಲ್ಲೇ ಹುಟ್ಟಿ, ಬೆಳೆದು, ಕೆಸರಿನಲ್ಲಿ ಮೊಟ್ಟೆ ಇಟ್ಟು ಮುಗಿಸಬೇಕು. ಇದೇ ಕುಲದ ಫರ್ಜೆರಿ ಅನ್ನುವ ಮೀನು ತನ್ನ ಸಹಜ ಹೊಂಡದಲ್ಲಿ ಸುಮಾರು ಎರಡೇ ವಾರಕ್ಕೆ ಪ್ರಾಯಕ್ಕೆ ಬರುತ್ತದೆ ಎಂದು 2018ರ ಒಂದು ಅಧ್ಯಯನ ತೋರಿಸಿತು. ಅದು ಮುದಿಯಾಗುವುದೂ ಅಷ್ಟೇ ಬೇಗ, ಅದಕ್ಕೇ ವಯಸ್ಸಾಗುವಿಕೆಯನ್ನು ಓದುವವರು ಅದನ್ನು ಲ್ಯಾಬಿನಲ್ಲಿ ಸಾಕುತ್ತಾರೆ. ಅಂದಹಾಗೆ ಕಿಲ್ಲಿ ಅಂದರೆ ಕೊಲ್ಲುವ ಮೀನು ಅಲ್ಲ. ಡಚ್ ಭಾಷೆಯಲ್ಲಿ 'ಕಿಲ್' ಅಂದರೆ ಹಳ್ಳ, ತೊರೆ. ಮನೆಗೆ ಬಂದ ನೆಂಟರಿಗೆಲ್ಲ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಹೊಂಡ ಬತ್ತಿದ ಮೇಲೆ ಉಳಿಯುವುದು ಮೊಟ್ಟೆ ಮಾತ್ರ. ಮೊಟ್ಟೆಯೊಳಗಿನ ಮರಿ ಬೆಳೆಯುತ್ತಾ ದಾರಿಯಲ್ಲಿ ಮೂರು ಕಡೆ ನಿಂತುಬಿಡಬಲ್ಲದು. ಇದಕ್ಕೆ ಡಯಾಪಾಸ್ ಅನ್ನುತ್ತಾರೆ. ತೀರಾ ಮೊದಲಲ್ಲೇ ಒಂದು, ಅರ್ಧ ರೂಪ ಬಂದ ಮೇಲೆ ಒಂದು, ಎಲ್ಲ ಮುಗಿದು ಹೊರಗೆ ಬರುವುದಷ್ಟೇ ಬಾಕಿ ಇದ್ದಾಗ ಇನ್ನೊಂದು. ಒಂದೇ ತಾಯಿಯ ಮೊಟ್ಟೆಗಳೂ ಒಟ್ಟಿಗೆ ಸಾಗುವುದಿಲ್ಲ. ಒಂದು ಅಡ್ಡಮಳೆ ಬಂದು ಹೊಂಡ ವಾರಕ್ಕೇ ಬತ್ತಿದರೆ, ಆಗ ಹೊರಬಂದ ಮರಿಗಳು ಸಾಯುತ್ತವೆ, ಮಲಗಿದ್ದವು ಉಳಿಯುತ್ತವೆ. ಮೊದಲ ಮಳೆಗೇ ಮನೆಯ ಬೀಜವನ್ನೆಲ್ಲ ಯಾರೂ ಬಿತ್ತುವುದಿಲ್ಲ, ಅಲ್ವಾ? ಹಾಗೆ.

ಆದ್ದರಿಂದ ಚೀಲದಿಂದ ಐದಾರು ಮೊಟ್ಟೆ ಹೆಕ್ಕಿ ನೋಡದೆ ನೀರು ಹಾಕಬೇಡಿ. ಒಂದೊಂದೂ ಸುಮಾರು 1 ಮಿಲಿಮೀಟರ್, ರಾಗಿ ಕಾಳಿಗಿಂತ ಸಣ್ಣದು. ಚೀಲದಲ್ಲಿ ಮೊಟ್ಟೆಯ ಜೊತೆ ತುಂಬಿರುವ ಕಂದು ಪೀಟಿನಲ್ಲಿ, ಅಂದರೆ ಕೊಳೆತ ಪಾಚಿಯ ಪುಡಿಯಲ್ಲಿ, ಹುಡುಕುವುದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಅಭ್ಯಾಸವಾದರೆ ಕಣ್ಣಿಗೆ ತಾನೇ ಬೀಳುತ್ತವೆ. ಬಿಳಿ ತಟ್ಟೆಯಲ್ಲಿಟ್ಟು, ಪಕ್ಕದಿಂದ ಮೊಬೈಲ್ ಟಾರ್ಚ್ ಹಿಡಿದು, ಭೂತಗನ್ನಡಿಯಲ್ಲಿ ನೋಡಿ. ಬರೀ ತಿಳಿ ಜೇನಿನ ಬಣ್ಣದ ಗೋಲಿ ಕಂಡರೆ ಇನ್ನೂ ಕಾಯಬೇಕು. ಒಳಗಿನ ಹಳದಿಯನ್ನು ಸುತ್ತಿಕೊಂಡ ಮಸುಕು ಗೆರೆ ಕಂಡರೆ ಅರ್ಧ ದಾರಿ. ಎರಡು ಕಪ್ಪು ಕಣ್ಣು, ಅದರ ಸುತ್ತ ಚಿನ್ನದ ಬಣ್ಣದ ಉಂಗುರ, ಒಳಗೆಲ್ಲ ಮರಿ ತುಂಬಿಕೊಂಡು ಗೋಲಿಯೇ ಕಪ್ಪಾಗಿ ಕಂಡರೆ ಸಮಯವಾಯಿತು. ಹೆಕ್ಕಿದ್ದರಲ್ಲಿ ಹೆಚ್ಚಿನವು ಹೀಗಿರಬೇಕು, ಒಂದೆರಡು ಸಾಲದು. ಬೆಳ್ಳಗಾಗಿ ಬೂಸ್ಟು ಹಿಡಿದವನ್ನು ತೆಗೆದು ಎಸೆಯಿರಿ.

ಕಾಯುವಾಗ ಪೀಟಿನ ಹದವೂ ಮುಖ್ಯ. ಮುಷ್ಟಿಯಲ್ಲಿ ಹಿಂಡಿದರೆ ನೀರು ಜಿನುಗಬಾರದು, ಬಿಟ್ಟರೆ ಧೂಳೂ ಆಗಬಾರದು. ಒಗ್ಗರಣೆಗೆ ಮುಂಚೆ ನೀರು ಚಿಮುಕಿಸಿಟ್ಟ ಅವಲಕ್ಕಿಯ ಹದ ಅಂದುಕೊಳ್ಳಿ. ಪೀಟ್ ಮಾಸ್ ಸಿಗದಿದ್ದರೆ ತೆಂಗಿನ ನಾರಿನ ಕೊಕೊ ಪೀಟ್ ನಡೆಯುತ್ತದೆ. ಆದರೆ ಎರಡು ಮೂರು ಸಲ ಕುದಿಸಿ, ಬಣ್ಣ ಬಿಡುವುದು ಕಮ್ಮಿಯಾಗುವವರೆಗೆ ತೊಳೆಯಿರಿ.

ಈಗ ನೆನೆಸುವ ದಿನ. ಅಗಲವಾದ ಡಬ್ಬಿಯಲ್ಲಿ ಪೀಟ್ ಹರಡಿ, ಕೋಣೆಗಿಂತ ತಣ್ಣಗಿನ, 18 ಡಿಗ್ರಿ ಆಸುಪಾಸಿನ, ಕ್ಲೋರಿನ್ ಇಲ್ಲದ ಮೆದು ನೀರು ಹಾಕಿ. ಸಿಕ್ಕರೆ ಹಿಡಿದಿಟ್ಟ ಮಳೆನೀರು ಒಳ್ಳೆಯದು. ಆಳ 5 ಸೆಂಟಿಮೀಟರ್ ಸಾಕು. ಇಲ್ಲೇ ನಿಮ್ಮ ತೆವಳುವ ಮರಿಗಳ ಕಥೆ ಇರುವುದು. ಹೊರಬಂದ ಮರಿ ಮೇಲಕ್ಕೆ ಬಂದು ಗಾಳಿ ನುಂಗಿ ತನ್ನ ಗಾಳಿಚೀಲ ತುಂಬಿಸಿಕೊಳ್ಳಬೇಕು. ಬಲಿಯದ ಮರಿಗೆ ಅದಕ್ಕೆ ಶಕ್ತಿ ಇರುವುದಿಲ್ಲ. ತಿಂಗಳುಗಟ್ಟಲೆ ತಡವಾಗಿ, ಒಳಗಿನ ಹಳದಿ ಖರ್ಚಾದ ಮರಿಗೂ ಇರುವುದಿಲ್ಲ. ನೀರು ಆಳವಾಗಿದ್ದರಂತೂ ಗಟ್ಟಿ ಮರಿಯೂ ಸುಸ್ತಾಗುತ್ತದೆ. ನನ್ನ ಮೊದಲ ಡಬ್ಬಿಯಲ್ಲಿ ಅವು ಹಲ್ಲಿಯ ಹಾಗೆ ಹೊಟ್ಟೆ ಎಳೆದುಕೊಂಡು ಓಡಾಡುತ್ತಿದ್ದವು. ಒಂದು ಅರ್ಧ ಅಡಿ ಎತ್ತರದ ಗಾಜಿನ ಜಾಡಿಗೆ ಹಾಕಿದ್ದೆ, ಚೆನ್ನಾಗಿ ಕಾಣಲಿ ಅಂತ! ಹಾಗೆ ತೆವಳುವವು ಸರಿಹೋಗಿದ್ದನ್ನು ನಾನು ಕಂಡದ್ದು ಅಪರೂಪ.

ಎಲ್ಲ ಸರಿಯಿದ್ದರೆ ಕೆಲವೇ ಗಂಟೆಯಲ್ಲಿ, ಹೆಚ್ಚೆಂದರೆ ಮರುದಿನಕ್ಕೆ, ಪೀಟಿನ ಮೇಲೆ ಸಣ್ಣ ಬೆಳ್ಳಿ ಗೀರುಗಳು ಚಿಮ್ಮುವುದು ಕಾಣುತ್ತದೆ. ಹಸಿವು ಅವಕ್ಕೆ ಅವತ್ತೇ ಶುರು. ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮರಿಗಳನ್ನು ಕೊಡಿ, ದಿನಕ್ಕೆ ಎರಡು ಮೂರು ಸಲ. ಆರ್ಟೀಮಿಯಾ ಒಡೆಯಲು ಸುಮಾರು ಒಂದು ದಿನ ಬೇಕು. ಅದಕ್ಕೇ ಮೀನಿನ ಮೊಟ್ಟೆ ನೆನೆಸುವ ದಿನವೇ ಅದರ ಮೊಟ್ಟೆಗಳನ್ನೂ ಒಂದು ಬಾಟಲಿ ಉಪ್ಪುನೀರಿಗೆ ಹಾಕಿಡಿ. ಪುಡಿ ಆಹಾರವನ್ನು ಮರಿಗಳು ಮೂಸಿಯೂ ನೋಡುವುದಿಲ್ಲ, ನೀರು ಕೆಡುವುದಷ್ಟೇ ಲಾಭ. ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ತಿಂದಿವೆ ಅಂತ ಅರ್ಥ.

ಇಷ್ಟೆಲ್ಲ ಕಾಯುವ ತಾಳ್ಮೆ ಇಲ್ಲ ಅನ್ನುವವರಿಗೆ ಒಂದು ಮಾತು. ನಮ್ಮ ಪಶ್ಚಿಮ ಘಟ್ಟದ ಹಳ್ಳಗಳಲ್ಲೇ ಒಂದು ಚಂದದ ಕಿಲ್ಲಿ ಇದೆ, ಪಟ್ಟೆ ಪ್ಯಾಂಚಾಕ್ಸ್. ನೀರಿನ ಮೇಲ್ಮಟ್ಟದಲ್ಲೇ ತೇಲುವ, ತಲೆಯ ಮೇಲೆ ಹೊಳೆಯುವ ಚುಕ್ಕೆ ಇರುವ ಮೀನು. ಅದಕ್ಕೆ ಪೀಟೂ ಬೇಡ, ಒಣಗಿಸುವುದೂ ಬೇಡ. ಉಲ್ಲನ್ ದಾರದ ಗೊಂಚಲು ತೇಲಿಬಿಟ್ಟರೆ ಅದರಲ್ಲೇ ಮೊಟ್ಟೆ ಅಂಟಿಸುತ್ತದೆ, ಎರಡು ವಾರದಲ್ಲಿ ಮರಿ. ತೊಟ್ಟಿಗೆ ಮುಚ್ಚಳ ಮಾತ್ರ ಗಟ್ಟಿಯಾಗಿರಲಿ, ಹಾರುವುದರಲ್ಲಿ ಎಲ್ಲ ಕಿಲ್ಲಿಗಳೂ ಒಂದೇ. ಆಫ್ರಿಕಾದ ಮೀನು ಜಾಸ್ತಿಯಾಯಿತು ಅಂತ ಕೆರೆಗೆ ಬಿಡಲೂಬೇಡಿ.

ಕೊನೆಗೆ, ನಿಮ್ಮ ಆ ಪೀಟನ್ನು ಎಸೆದಿಲ್ಲ ತಾನೇ? ಮರಿಗಳನ್ನು ತೆಗೆದ ಮೇಲೆ ಅದನ್ನು ಬಲೆಯಲ್ಲಿ ಸೋಸಿ, ಹಿಂಡಿ, ಪೇಪರಿನ ಮೇಲೆ ಒಂದು ದಿನ ಹರಡಿ, ಮತ್ತೆ ಚೀಲಕ್ಕೆ ಹಾಕಿ. ಮೂರು ನಾಲ್ಕು ವಾರ ಬಿಟ್ಟು ಮತ್ತೆ ಕಣ್ಣು ನೋಡಿ, ಮತ್ತೆ ನೆನೆಸಿ. ಮಲಗಿದ್ದವು ಅದರಲ್ಲೇ ಇರುತ್ತವೆ. ನಾನು ಮೊದಲ ಚೀಲದ ಪೀಟನ್ನು ದಾಸವಾಳದ ಕುಂಡಕ್ಕೆ ಸುರಿದಿದ್ದೆ. ಗಿಡ ಚೆನ್ನಾಗಿ ಬಂತು.