ಪದ ಪರಿಚಯ: ಮೆಕ್ಯಾನಿಕಲ್ ಥ್ರಾಂಬೆಕ್ಟಮಿ

ಮೈಸೂರಿನ ಯಾವುದೇ ದೊಡ್ಡಾಸ್ಪತ್ರೆಯ ಕ್ಯಾತ್ ಲ್ಯಾಬ್ (ರಕ್ತನಾಳದೊಳಗೆ ಕೊಳವೆ ತೂರಿಸಿ ಚಿಕಿತ್ಸೆ ಮಾಡುವ ಕೋಣೆ) ಮುಂದೆ ಕೂತವರ ಬಾಯಲ್ಲಿ ಈ ಪದ ಬರುವುದಿಲ್ಲ. ‘ನರದಲ್ಲಿ ರಕ್ತ ಹೆಪ್ಪುಗಟ್ಟಿದೆಯಂತೆ, ಪೈಪ್ ಹಾಕಿ ತೆಗೀತಾರಂತೆ’ ಅನ್ನುತ್ತಾರೆ. ಒಪ್ಪಿಗೆ ಪತ್ರದಲ್ಲಿ ಮಾತ್ರ ಥ್ರಾಂಬೆಕ್ಟಮಿ ಎಂದಿರುತ್ತದೆ. ಆಡುಮಾತಿನ ವಿವರಣೆ ಹೆಚ್ಚುಕಮ್ಮಿ ಸರಿಯೇ: ಗ್ರೀಕಿನಲ್ಲಿ ‘ಥ್ರಾಂಬೋಸ್’ ಅಂದರೆ ಹೆಪ್ಪು, ‘ಎಕ್ಟಮಿ’ ಅಂದರೆ ಕೊಯ್ದು ಹೊರತೆಗೆಯುವುದು. ‘ಮೆಕ್ಯಾನಿಕಲ್’ ಅಂದರೆ ಔಷಧಿಯಿಂದ ಕರಗಿಸದೆ ಸಲಕರಣೆಯಿಂದ ತೆಗೆಯುವುದು. ‘ನರ’ ಒಂದನ್ನು ತಿದ್ದಿಕೊಂಡರೆ ಸಾಕು. ಇಲ್ಲಿ ಮಾತು ನರದ್ದಲ್ಲ, ರಕ್ತನಾಳದ್ದು. ಅದು ಹೃದಯದಿಂದ ರಕ್ತ ಒಯ್ಯುವ ಅಪಧಮನಿಯೋ, ವಾಪಸು ತರುವ ಅಭಿಧಮನಿಯೋ ಎಂಬುದರ ಮೇಲೆ ಅವಸರವೂ ಸಲಕರಣೆಯೂ ಬದಲಾಗುತ್ತವೆ.

ಹೆಪ್ಪು ಎಂಬ ಅಡುಗೆಮನೆಯ ಮಾತು ಇಲ್ಲಿ ಚೆನ್ನಾಗಿ ಹೊಂದುತ್ತದೆ. ಹೊಸ ಹೆಪ್ಪು ಗಟ್ಟಿಮೊಸರಿನ ಹಾಗೆ, ತುಂಡಾಗಿ ಎದ್ದು ಬರುತ್ತದೆ. ಎರಡು ವಾರ ದಾಟಿತೆಂದರೆ ಅದರೊಳಗೆ ಕೊಲಾಜೆನ್ ನಾರು ಬೆಳೆದು, ನಾಳದ ಗೋಡೆಗೆ ಅಂಟಿ, ರಬ್ಬರಿನಂತಾಗುತ್ತದೆ. ಆಮೇಲೆ ಕರಗಿಸುವ ಔಷಧಿಗೆ ಬಗ್ಗುವುದೂ ಕಷ್ಟ, ಕೊಳವೆಗೆ ಬರುವುದೂ ಕಷ್ಟ. ‘ಊತ ಎಷ್ಟು ದಿನದಿಂದ?’ ಎಂದು ಡಾಕ್ಟರು ಪದೇ ಪದೇ ಕೇಳುವುದು ಇದಕ್ಕೇ. ‘ಒಂದು ವಾರ ಇರ್ಬೋದು ಸಾರ್’ ಅನ್ನುವುದಕ್ಕಿಂತ, ಆ ಕಾಲಿನ ಚಪ್ಪಲಿ ಬಿಗಿಯಾದದ್ದು ಯಾವ ದಿನ ಎಂದು ನೆನಪು ಮಾಡಿಕೊಂಡು ಹೇಳಿದರೆ ಹೆಚ್ಚು ಉಪಯೋಗ.

ಈ ಸಲಕರಣೆಗಳ ಮೂಲಪುರುಷ ಒಂದು ಬಲೂನು. 1960ರ ದಶಕದ ಆರಂಭದಲ್ಲಿ ಅಮೆರಿಕದ ಥಾಮಸ್ ಫೋಗಾರ್ಟಿ ತೆಳು ಕೊಳವೆಯ ತುದಿಗೆ ಸರ್ಜನ್ ಗ್ಲೌಸಿನ ಬೆರಳತುದಿಯನ್ನು ಕತ್ತರಿಸಿ, ಮೀನು ಹಿಡಿಯುವವರು ಹಾಕುವ ಗಂಟಿನಲ್ಲಿ ಬಿಗಿದು ಇದನ್ನು ಮಾಡಿದರು. ಬಲೂನು ಮುದುಡಿದ್ದಾಗ ಹೆಪ್ಪನ್ನು ದಾಟಿ ಹೋಗುತ್ತದೆ. ಆಚೆ ಹೋದ ಮೇಲೆ ಸಲೈನ್ ತುಂಬಿ ಉಬ್ಬಿಸಿ ಹಿಂದಕ್ಕೆಳೆದರೆ ಹೆಪ್ಪು ಅದರ ಮುಂದೆ ಜಾರಿಕೊಂಡು ಬರುತ್ತದೆ. ಕಾಲಿನ ಅಪಧಮನಿ ಮುಚ್ಚಿಕೊಂಡಾಗ ಇವತ್ತಿಗೂ ತೊಡೆಸಂದಿಯಲ್ಲಿ ಸಣ್ಣ ಗಾಯ ಮಾಡಿ ಇದನ್ನೇ ಬಳಸುತ್ತಾರೆ. ಎಳೆಯುವಾಗ ನಾಳ ಅಗಲವಾಗುತ್ತಾ ಬರುವುದರಿಂದ ಬೆರಳಿನ ಅಂದಾಜಿನಲ್ಲೇ ಉಬ್ಬು ಹೆಚ್ಚಿಸಬೇಕು. ಅತಿಯಾದರೆ ನಾಳದ ಒಳಪದರವೇ ಕಿತ್ತು ಬರುತ್ತದೆ. ಪೂರ್ತಿ ರಕ್ತ ನಿಂತ ಕಾಲಿನ ಮಾಂಸಖಂಡ ತಡೆಯುವುದು ಸುಮಾರು 6 ಗಂಟೆ. ಮಂಡ್ಯದಿಂದ ಮೈಸೂರು 45 ಕಿಲೋಮೀಟರ್, ದಾರಿಯಲ್ಲಿ ಕಳೆಯುವ ಹೊತ್ತು ಕಡಿಮೆ. ತಣ್ಣಗೆ ಬಿಳಿಚಿಕೊಂಡ ಕಾಲಿಗೆ ಎಣ್ಣೆ ನೀವುತ್ತಾ ಮನೆಯಲ್ಲಿ ಕಳೆಯುವ ಹೊತ್ತೇ ಹೆಚ್ಚು.

ಈಚಿನ ಕೊಳವೆಗಳು ಹೆಚ್ಚಾಗಿ ಹೀರುವಂಥವು. ಇವುಗಳ ಅಳತೆ ‘ಫ್ರೆಂಚ್’. 3 ಫ್ರೆಂಚ್ ಅಂದರೆ 1 ಮಿಲಿಮೀಟರ್. 8 ಫ್ರೆಂಚ್ ಕೊಳವೆಯ ದಪ್ಪ ಸುಮಾರು 2.7 ಮಿ.ಮೀ., 24 ಫ್ರೆಂಚಿನದು 8 ಮಿ.ಮೀ. ಇಷ್ಟು ದಪ್ಪ ಯಾಕೆ ಬೇಕು ಎಂಬುದನ್ನು ತೋಟಕ್ಕೆ ಪಂಪ್‌ಸೆಟ್ ಇಟ್ಟವರಿಗೆ ವಿವರಿಸಬೇಕಾಗಿಲ್ಲ. ಬಾವಿಯ ಮೇಲಿಟ್ಟ ಮೋಟಾರಿಗೆ ಎಷ್ಟು ಎಚ್‌ಪಿ ಇದ್ದರೂ 25 ಅಡಿಗಿಂತ ಕೆಳಗಿನ ನೀರನ್ನು ಎಳೆಯಲು ಒದ್ದಾಡುತ್ತದೆ, ಏಕೆಂದರೆ ನಿರ್ವಾತದ ಎಳೆತ ವಾಯುಭಾರವನ್ನು ಮೀರುವಂತಿಲ್ಲ. ಕೊಳವೆಗೂ ಅದೇ ಮಿತಿ. ಎಳೆತ ಹೆಚ್ಚಿಸಲಾಗದು, ಬಾಯಿ ಅಗಲಿಸಬಹುದು. ದಪ್ಪ ಮೂರು ಪಟ್ಟಾದರೆ ಬಾಯಿಯ ವಿಸ್ತೀರ್ಣ ಒಂಬತ್ತು ಪಟ್ಟು, ಹೆಪ್ಪಿನ ಮೇಲಿನ ಹಿಡಿತವೂ ಅಷ್ಟೇ ಪಟ್ಟು. ಫ್ಲೋಟ್ರೀವರ್ ಎಂಬ ಕೊಳವೆ ದೊಡ್ಡ ಬಾಯಿಯದು, ಸಿರಿಂಜಿನಿಂದ ಎಳೆಯುತ್ತದೆ. ಇಂಡಿಗೋ ಎಂಬುದು ಪಂಪಿನಿಂದ ಬಿಡದೆ ಹೀರುತ್ತದೆ.

ಶ್ವಾಸಕೋಶದ ಅಪಧಮನಿಗೆ ಹೆಪ್ಪು ಹೊಕ್ಕವರಲ್ಲಿ ಕೆಲಸ ಹೀಗೆ ಸಾಗುತ್ತದೆ. ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಔಷಧಿ ಕೊಟ್ಟು, ರಕ್ತ ಹೆಪ್ಪುಗಟ್ಟುವ ಹೊತ್ತನ್ನು ಸಾಮಾನ್ಯವಾಗಿ 250 ಸೆಕೆಂಡಿನ ಮೇಲೆ ಇಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ಕೊಳವೆಯೊಳಗೇ ಹೆಪ್ಪು ಕಟ್ಟುತ್ತದೆ. ಅಲ್ಟ್ರಾಸೌಂಡ್ ನೋಡುತ್ತಾ ತೊಡೆಸಂದಿಯ ಅಭಿಧಮನಿಗೆ ಸೂಜಿ, ಸೂಜಿಯೊಳಗೆ ತಂತಿ, ತಂತಿಯ ಮೇಲೆ ಕೊಳವೆ. ಹೃದಯದ ಬಲಭಾಗ ಹಾಯುವಾಗ ನಿಜವಾದ ಎಚ್ಚರ ಬೇಕು. ಟ್ರೈಕಸ್ಪಿಡ್ ಕವಾಟಕ್ಕೆ ಕೊಡೆಯ ಕಡ್ಡಿಗಳಂತೆ ಸಣ್ಣ ಹುರಿಗಳಿವೆ. ಬರಿಯ ತಂತಿ ಆ ಹುರಿಗಳ ಸಂದಿಯಲ್ಲಿ ತೂರಿಕೊಂಡರೆ, ಅದರ ಮೇಲೆ ಬರುವ 8 ಮಿ.ಮೀ. ಕೊಳವೆ ಅವನ್ನು ಹರಿಯುತ್ತದೆ. ಆದ್ದರಿಂದ ಮೊದಲು ತುದಿಯಲ್ಲಿ ಬಲೂನಿರುವ ಅಥವಾ ಸುರುಳಿಯಾದ ಕೊಳವೆಯಿಂದ ದಾರಿ ಮಾಡಿ, ಆಮೇಲೆ ಗಟ್ಟಿ ತಂತಿ ಇಡುತ್ತಾರೆ. ಹೃದಯದ ವಿದ್ಯುತ್ ಸಂಕೇತ ಎಡಕವಲು, ಬಲಕವಲು ಎಂಬ ಎರಡು ದಾರಿಯಲ್ಲಿ ಸಾಗುತ್ತದೆ. ಇಸಿಜಿಯಲ್ಲಿ ಮೊದಲೇ ಎಡಕವಲಿನ ಬ್ಲಾಕ್ (ತಡೆ) ಇದ್ದವರಿಗೆ ಕೊಳವೆ ಬಲಕವಲನ್ನು ಒತ್ತಿದರೆ ಹೃದಯದ ಬಡಿತವೇ ನಿಲ್ಲಬಹುದು. ಅವರಿಗೆ ತಾತ್ಕಾಲಿಕ ಪೇಸ್‌ಮೇಕರ್ ಕೈಗೆಟುಕುವಂತಿರಬೇಕು.

ಕೊಳವೆಯ ಬಾಯಿ ಹೆಪ್ಪಿಗೆ ತಾಗಿದ ಮೇಲೆ 60 ಮಿಲಿಲೀಟರ್ ಸಿರಿಂಜಿನಲ್ಲಿ ನಿರ್ವಾತ ಮಾಡಿಟ್ಟುಕೊಂಡು ಕೊಳವೆಯ ತಿರುಪನ್ನು ತೆರೆಯುತ್ತಾರೆ. ಸಿರಿಂಜಿಗೆ ರಕ್ತ ಸಲೀಸಾಗಿ ನುಗ್ಗಿದರೆ ಬಾಯಿ ಹೆಪ್ಪಿನ ಮೇಲಿಲ್ಲ ಎಂದರ್ಥ. ಏನೂ ಬರದಿದ್ದರೆ ಒಂದು ರೀತಿ ಒಳ್ಳೆಯ ಸುದ್ದಿ: ಹೆಪ್ಪು ಬಾಯಿಗೆ ಬಿರಡೆಯಂತೆ ಕಚ್ಚಿಕೊಂಡಿದೆ. ಆಗ ಎಳೆತ ಬಿಡದೆ ಇಡೀ ಕೊಳವೆಯನ್ನೇ ಹೊರತರಬೇಕು. ನಡುದಾರಿಯಲ್ಲಿ ಎಳೆತ ತಪ್ಪಿದರೆ ಹೆಪ್ಪು ಉದುರಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಹೊರಬಂದದ್ದನ್ನು ಬಟ್ಟೆಯ ಮೇಲೆ ಹರವಿದರೆ ನಾಳದ ಅಚ್ಚೇ ಕಾಣುತ್ತದೆ, ಶುಂಠಿಕೊಂಬಿನ ಹಾಗೆ ಕವಲೊಡೆದು, ಹೊಸ ಭಾಗ ಕಡುಗೆಂಪು, ಹಳೆಯದು ಬೂದುಬಿಳುಪು.

ಐದು ಸಲ ಬರಿ ರಕ್ತವನ್ನೇ ಎಳೆದರೆ 300 ಮಿ.ಲೀ. ಹೋಯಿತು, ರಕ್ತದಾನದ ಒಂದು ಚೀಲಕ್ಕಿಂತ ಸ್ವಲ್ಪವೇ ಕಡಿಮೆ. ಸೋಸಿ ವಾಪಸು ಕೊಡುವ ಫಿಲ್ಟರ್ ಬಂದಿದ್ದರೂ, ‘ಇನ್ನೊಂದು ಸಲ ಎಳೆಯೋಣ’ ಎಂಬ ಆಸೆಯೇ ಇಲ್ಲಿ ಅಪಾಯ ತರುವುದು. ಶ್ವಾಸಕೋಶದ ಒತ್ತಡ ಇಳಿದು ಆಮ್ಲಜನಕ ಏರಿದರೆ, ಎಕ್ಸ್‌ರೇ ಚಿತ್ರದಲ್ಲಿ ಕಸರು ಉಳಿದಿದ್ದರೂ ನಿಲ್ಲಿಸುವುದು ಲೇಸು. 2024ರಲ್ಲಿ ಪ್ರಕಟವಾದ ಪಿಯರ್‌ಲೆಸ್ ಅಧ್ಯಯನದಲ್ಲಿ, ಕೊಳವೆಯ ಮೂಲಕ ಕರಗಿಸುವ ಔಷಧಿ ಬಿಡುವುದಕ್ಕೆ ಹೋಲಿಸಿದರೆ, ಹೀರುವ ವಿಧಾನದಲ್ಲಿ ರೋಗಿ ಹದಗೆಡುವುದೂ ಐಸಿಯು ವಾಸವೂ ಕಡಿಮೆಯಾಗಿತ್ತು. ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಕಾಲಿನ ಅಭಿಧಮನಿಗೆ ಮಂಡಿಯ ಹಿಂದಿನಿಂದ ಹೋಗುವ ಕ್ಲಾಟ್‌ಟ್ರೀವರ್ ಎಂಬ ಸಲಕರಣೆ ಗೋಡೆಯನ್ನು ಕೆರೆದು ಜಾಲರಿ ಚೀಲಕ್ಕೆ ತುಂಬಿಕೊಳ್ಳುತ್ತದೆ. ಆಂಜಿಯೋಜೆಟ್ ಎಂಬುದು ಸಲೈನನ್ನು ಚಿಮ್ಮಿಸಿ ಹೆಪ್ಪನ್ನು ಪುಡಿಮಾಡಿ ಹೀರುತ್ತದೆ. ಜೊತೆಗೆ ಕೆಂಪು ರಕ್ತಕಣಗಳೂ ಒಡೆಯುವುದರಿಂದ ಮೂತ್ರ ಬೀಟ್‌ರೂಟ್ ನೀರಿನಂತಾಗಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಮೆದುಳಿನ ಪಾರ್ಶ್ವವಾಯುವಿಗೆ ಬಳಸುವ ಸ್ಟೆಂಟ್ ರಿಟ್ರೀವರ್ ಇದೇ ಕುಲದ್ದಾದರೂ ಬಲು ಸೂಕ್ಷ್ಮ. ಹೆಸರಲ್ಲಿ ಸ್ಟೆಂಟ್ ಇದೆ ಎಂದು ‘ಸ್ಟೆಂಟ್ ಹಾಕಿದರು’ ಅನ್ನುವುದು ತಪ್ಪು. ಸ್ಟೆಂಟ್ ಅಂದರೆ ನಾಳದಲ್ಲೇ ಉಳಿಯುವ ಜಾಲರಿ ಕೊಳವೆ, ಇದಾದರೋ ಹೆಪ್ಪನ್ನು ಸಿಕ್ಕಿಸಿಕೊಂಡು ಹೊರಗೆ ಬಂದುಬಿಡುತ್ತದೆ.

ಎಡಗಾಲೊಂದೇ ಊದಿದವರಲ್ಲಿ ಹೆಪ್ಪು ತೆಗೆದ ಮೇಲೆ ಒಂದು ಕಾರಣ ಹುಡುಕಬೇಕು. ಕಿಬ್ಬೊಟ್ಟೆಯಲ್ಲಿ ಬಲಗಾಲಿಗೆ ಹೋಗುವ ಅಪಧಮನಿ ಎಡಗಾಲಿನ ಅಭಿಧಮನಿಯನ್ನು ಬೆನ್ನೆಲುಬಿಗೆ ಅದುಮಿರುತ್ತದೆ. ಇದಕ್ಕೆ ಮೇ-ಥರ್ನರ್ ಎಂದು ಹೆಸರು. ಆ ಅದುಮು ಜೋರಾಗಿದ್ದರೆ ಅಲ್ಲಿ ನಿಜವಾಗಿಯೂ ಸ್ಟೆಂಟ್ ಬೇಕಾಗುತ್ತದೆ, ಇಲ್ಲವಾದರೆ ಅದೇ ಜಾಗದಲ್ಲಿ ಮತ್ತೆ ಹೆಪ್ಪು ಕಟ್ಟುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಯಂತೂ ಕನಿಷ್ಠ 3 ತಿಂಗಳು. ಊತ ಇಳಿಯಿತೆಂದು ಎರಡನೇ ವಾರಕ್ಕೇ ಬಿಟ್ಟವರು ಮತ್ತೆ ಅದೇ ಕ್ಯಾತ್ ಲ್ಯಾಬ್ ಮೇಜಿಗೆ ಬರುವುದುಂಟು, ಈ ಸಲ ಹೊಸ ಹೆಪ್ಪಿನ ಕೆಳಗೆ ಹಳೆಯದನ್ನೂ ಹೊತ್ತುಕೊಂಡು.